ಜರಗನಹಳ್ಳಿಯ ದಿಕ್ಕಿನಿಂದ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎರಡನೆಯ ಸಂಜೆ ತುಂತುರು ಮಳೆಯಿತ್ತೆಂದು ನನಗೆ ನೆನಪು. ಆ ವಾರವೆಲ್ಲ ಒಳ್ಳೆಯ ಬಿಸಿಲಿತ್ತೆಂದು ಚಿಕ್ಕಮ್ಮ ಹೇಳುತ್ತಾರೆ. ಈ ವಿಷಯದಲ್ಲಿ ಬಟ್ಟೆ ಒಣಗಿಸುವವರ ಮಾತು ನನ್ನ ಮಾತಿಗಿಂತ ಗಟ್ಟಿ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ, ನಿಜ. ಆದರೆ ಆ ವಾರದ ಪುಟಗಳನ್ನು ತೆಗೆದು ನೋಡಿದರೆ ಅವುಗಳ ತುಂಬ ಚಿಕ್ಕಪ್ಪನಿಗೆ ಬೈದದ್ದೇ ಇದೆ. ಸಿಟ್ಟಿನಲ್ಲಿ ಬರೆದದ್ದನ್ನು ಸಾಕ್ಷಿ ಎಂದು ಒಪ್ಪುವುದು ಕಷ್ಟ. ಹಾಗಾಗಿ ಗೊತ್ತಿರುವುದನ್ನು ಗೊತ್ತು ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳುತ್ತ ಹೋಗುತ್ತೇನೆ. ಸಿಟ್ಟೊಂದರ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ಇವತ್ತಿಗೂ ಇದೆ.

ಸತ್ತವರು ಮಾತಾಡುತ್ತಾರೆ, ಸುಳಿವು ಕೊಡುತ್ತಾರೆ ಎಂಬುದನ್ನೆಲ್ಲ ನಾನು ನಂಬಿದವಳಲ್ಲ. ನಂಬದಿರುವುದಕ್ಕೆ ನಮ್ಮ ಮನೆಯಲ್ಲಿ ವಿಶೇಷ ಧೈರ್ಯವೂ ಬೇಕಿರಲಿಲ್ಲ. ನಮ್ಮದು ಲಿಂಗಾಯತರ ಮನೆ. ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ, ಅಲ್ಲಿಗೆ ಅವರು ಶಿವನಲ್ಲಿ ಸೇರಿದರು. ತಿಥಿ ಇಲ್ಲ, ಪಿಂಡವಿಲ್ಲ, ಕಾಗೆಗೆ ಕಾಯುವುದಿಲ್ಲ. ಹೋದವರು ಮತ್ತೆ ಬಂದು ಏನಾದರೂ ಕೇಳಿಯಾರೆಂಬ ಯೋಚನೆಗೇ ನಮ್ಮಲ್ಲಿ ಜಾಗವಿಲ್ಲ. ಸಾಲದ್ದಕ್ಕೆ ನಾನು ಜಯನಗರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವಳು. ಒಬ್ಬನೇ ಸಾಕ್ಷಿಯನ್ನು ನಂಬಿ ಕೂರಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಈ ಘಟನೆಗೆ ಇರುವುದು ಒಂದೂವರೆ ಸಾಕ್ಷಿ. ಒಂದು ನಾನು, ಅರ್ಧ ಚಿಕ್ಕಮ್ಮ.

ಅಪ್ಪ ರೇಡಿಯೋ ತಯಾರಿಸುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಮನೆಯಲ್ಲೂ ಅದೇ ಹುಚ್ಚು. ಸರ್ಕಾರದ ಪರವಾನಗಿ ಪಡೆದು ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ಮಂದಿಯಲ್ಲಿ ಅವರೂ ಒಬ್ಬರು. ನಾವಿದ್ದದ್ದು, ನಾನು ಈಗಲೂ ಇರುವುದು, ಕತ್ರಿಗುಪ್ಪೆಯಲ್ಲಿ. ಅಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದರಿಂದ ಕೆಳಗಿನ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಮೇಲಿನ ಪೋರ್ಷನ್ನು, ಅದರ ಮೇಲಿನ ತಾರಸಿ ಅಪ್ಪನ ತಮ್ಮನ ಹೆಸರಿನಲ್ಲಿತ್ತು. ಚಿಕ್ಕಪ್ಪ, ಚಿಕ್ಕಮ್ಮ ಅದನ್ನು ಬಾಡಿಗೆಗೆ ಬಿಟ್ಟು ತಾವು ಜರಗನಹಳ್ಳಿಯಲ್ಲಿ ಚಿಕ್ಕಮ್ಮನ ತವರಿನವರ ಕಟ್ಟಡದಲ್ಲಿದ್ದರು.

ಅಪ್ಪನ ಆಂಟೆನಾ ಆ ತಾರಸಿಯ ಮೇಲಿತ್ತು. ಒಂದು ಉದ್ದನೆಯ ಅಲ್ಯೂಮಿನಿಯಂ ದಂಡ, ಅದಕ್ಕೆ ಅಡ್ಡಲಾಗಿ ಐದು ಕಡ್ಡಿ. ಹಿಂದಿನ ತಲೆಮಾರಿನ ಟಿವಿ ಆಂಟೆನಾ ಕಂಡವರಿಗೆ ಅದರ ಗುರುತು ಸಿಗುತ್ತದೆ. ಅದರ ವಿಶೇಷವೆಂದರೆ ಸುತ್ತಲೂ ಹರಡದೆ ಒಂದೇ ದಿಕ್ಕಿಗೆ ಹೋಗುವುದು. ಐದರಲ್ಲಿ ತಂತಿ ಸೇರಿರುವುದು ಒಂದೇ ಕಡ್ಡಿಗೆ. ಮಿಕ್ಕ ನಾಲ್ಕಕ್ಕೆ ಯಾವ ತಂತಿಯೂ ಇಲ್ಲ, ಸುಮ್ಮನೆ ಕೂತಿರುತ್ತವೆ. ಆದರೂ ದಿಕ್ಕು ಕೊಡುವುದು ಅವೇ. ಹಿಂದಿನ ಕಡ್ಡಿ ಸ್ವಲ್ಪ ಉದ್ದ, ಮುಂದಿನವು ಸ್ವಲ್ಪ ಗಿಡ್ಡ. ನಾನು ಹುಡುಗಿಯಾಗಿದ್ದಾಗ ಇದು ಹೇಗೆಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಹೀಗೆ: "ಬಸ್ಸಲ್ಲಿ ಕಂಡಕ್ಟರ್ ಹಿಂದೆ ನಿಂತ್ಕೊಂಡು ಮುಂದೆ ನಡೀರಿ ಅಂತ ತಳ್ತಾನಲ್ಲ, ಅವನು ಹಿಂದಿನ ಕಡ್ಡಿ. ಮುಂದಿರೋರು ಒಂದೊಂದೇ ಹೆಜ್ಜೆ ಸರಿದು ಜಾಗ ಬಿಟ್ಟು ಎಳ್ಕೋತಾರಲ್ಲ, ಅವರು ಮುಂದಿನ ಕಡ್ಡಿ. ಜನ ಎಲ್ಲ ಒಂದೇ ಕಡೆ ಹರೀತಾರೆ. ಅಷ್ಟೇ ಕಣೇ." ಕಳಿಸುವಾಗ ಯಾವ ಕಡೆಗೆ ಜೋರೋ, ಕೇಳುವಾಗಲೂ ಆ ಕಡೆಯದೇ ಜೋರು. ಬೆನ್ನಿನ ಕಡೆಯದು, ಪಕ್ಕದ ಕಡೆಯದು ಕ್ಷೀಣ.

ಈ ಗುಣವನ್ನೇ ಹಿಡಿದು ಹ್ಯಾಮ್ ಮಂದಿ ಒಂದು ಆಟ ಆಡುತ್ತಾರೆ. ಒಬ್ಬರು ಸಣ್ಣ ರೇಡಿಯೋ ಇಟ್ಟುಕೊಂಡು ಎಲ್ಲೋ ಅಡಗಿ ಕೂರುತ್ತಾರೆ, ಮಿಕ್ಕವರು ಕೈ ಆಂಟೆನಾ ಹಿಡಿದು ದಿಕ್ಕು ನೋಡುತ್ತ ಹುಡುಕಬೇಕು. ನನಗೋಸ್ಕರ ಅಪ್ಪ ಬಡಗಿಗಳ ಉಕ್ಕಿನ ಅಳತೆ ಟೇಪನ್ನು ತುಂಡು ಮಾಡಿ, ಪಿವಿಸಿ ಪೈಪಿಗೆ ಕಟ್ಟಿ ಒಂದು ಕೈ ಆಂಟೆನಾ ಮಾಡಿಕೊಟ್ಟಿದ್ದರು. ಒಂದು ಜಾಗದಿಂದ ದಿಕ್ಕು ನೋಡಿದರೆ ಸಾಲದು, ಎರಡು ಜಾಗದಿಂದ ನೋಡಿ ನಕ್ಷೆಯ ಮೇಲೆ ಎರಡು ಗೆರೆ ಎಳೆಯಬೇಕು, ಅವು ಕೂಡುವಲ್ಲಿ ಆಸಾಮಿ ಇರುತ್ತಾನೆ ಎಂದು ಕಲಿಸಿದವರೂ ಅವರೇ. ಒಮ್ಮೆ ಯಾವುದೋ ವಿಚಿತ್ರ ಕೂಗು ಕೇಳಿ ನಾನು ಹೆದರಿದಾಗ ಗದರಿದ್ದರು: "ರೇಡಿಯೋದಲ್ಲಿ ದೆವ್ವ ಇರಲ್ಲ. ಸದ್ದು ಬಂತು ಅಂದ್ರೆ ಎಲ್ಲೋ ಒಬ್ಬ ಮನುಷ್ಯ ಕೂತಿರ್ತಾನೆ. ದಿಕ್ಕು ಹಿಡಿ, ಸಿಗ್ತಾನೆ."

ಪ್ರತಿ ಸಂಜೆ ಅಪ್ಪ ಆಂಟೆನಾವನ್ನು ಬಿಟಿಎಂ ಲೇಔಟಿನ ಕಡೆ ತಿರುಗಿಸುತ್ತಿದ್ದರು. ಅಲ್ಲಿ ಅವರ ಗೆಳೆಯ ಶಿವಪ್ರಕಾಶ್ ಅಂಕಲ್ ಮನೆ. ಇಬ್ಬರೂ ಮಾತಾಡುತ್ತಿದ್ದದ್ದು ಬಾಯಲ್ಲಲ್ಲ, ಮೋರ್ಸಿನಲ್ಲಿ, ಅಂದರೆ ಚುಕ್ಕೆ ಗೆರೆಗಳ ಪೀಪಿ ಸದ್ದಿನಲ್ಲಿ. ಅದಕ್ಕೆ ಕೀ ಎಂಬ ಪುಟ್ಟ ಹಿತ್ತಾಳೆ ಸಾಧನವಿರುತ್ತದೆ, ಬೆರಳಲ್ಲಿ ಒತ್ತಿ ಬಿಟ್ಟು ಮಾಡಬೇಕು. ಅಪ್ಪನ ಮೊದಲ ಮಾತು ಯಾವಾಗಲೂ ಒಂದೇ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: "ಕಾಫಿ ಆಯ್ತಾ?" ಕೈಬರಹದ ಹಾಗೆ ಮೋರ್ಸಿನಲ್ಲೂ ಒಬ್ಬೊಬ್ಬರ ಕೈ ಒಂದೊಂದು ತರಹ. ಅಪ್ಪ ಕೊನೆಯ ಗೆರೆಯನ್ನು ತುಸು ಎಳೆಯುತ್ತಿದ್ದರು, ಬಾಗಿಲಲ್ಲಿ ನಿಂತು ಕೇಳುವವರು ದನಿ ಎಳೆದ ಹಾಗೆ. ಅವರ ಕೀಗೂ ಒಂದು ಕಾಯಿಲೆಯಿತ್ತು. ಅದರ ತಿರುಪು ಸಡಿಲವಾಗಿ, ಗೆರೆ ಮುಗಿದ ಮೇಲೆ ಸಣ್ಣದೊಂದು "ಟಿಕ್" ಸೇರಿಕೊಳ್ಳುತ್ತಿತ್ತು. ಎಷ್ಟು ಬಿಗಿ ಮಾಡಿದರೂ ಅದು ಹೋಗಲಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರೂ ಹುಡುಗರಾಗಿದ್ದಾಗ ಮೋರ್ಸನ್ನು ಒಟ್ಟಿಗೇ ಕಲಿತವರು. ಅಪ್ಪ ಉಳಿಸಿಕೊಂಡರು. ಚಿಕ್ಕಪ್ಪ "ಅದೆಲ್ಲ ಮರ್ತೋಯ್ತು" ಎಂದು ಕೈ ಝಾಡಿಸಿಬಿಟ್ಟಿದ್ದರು.

ಇನ್ನು ಸಿಟ್ಟಿನ ವಿಷಯ. ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಮಲಗುತ್ತಿದ್ದ ಆ ದಿನಗಳಲ್ಲೇ ಚಿಕ್ಕಪ್ಪ ಯಾರನ್ನೋ ಕರೆತಂದು ಆಂಟೆನಾ ಕೆಳಗಿಳಿಸಿದರು. ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವಳಿಗೆ ಬೋಳು ಕಂಬ ಕಂಡಿತು. ಅಲ್ಲೇ ನಿಂತು ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಹೊಸದಾಗಿ ಬಾಡಿಗೆಗೆ ಬಂದಿರೋ ಹುಡುಗಿ ಬಸುರಿ ಕಣಮ್ಮ. ತಲೆ ಮೇಲೆ ಅದನ್ನ ನೋಡಿ ಹೆದರ್ಕೊಂಡ್ಳು. ರೇಡಿಯೇಷನ್ ಅಂತೆ."

"ಅಪ್ಪನ್ನ ಒಂದು ಮಾತು ಕೇಳಿದ್ರಾ?"

"ಐಸಿಯುನಲ್ಲಿ ಮಲಗಿರೋನ್ನ ಏನಂತ ಕೇಳ್ಲಿ?"

"ಎಲ್ಲಿಟ್ಟಿದೀರ ಅದನ್ನ?"

"ಸ್ಕ್ರ್ಯಾಪ್‌ಗೆ ಹಾಕಿದೆ. ಹಳೇ ಸಾಮಾನು, ಹೋಗ್ಲಿ ಬಿಡು."

ಆ ಹುಡುಗಿಯ ಮೇಲೂ ನನಗೆ ಸಿಟ್ಟು ಬಂದಿತ್ತು. ಮೇಲೆ ಹೋಗಿ, ಅದು ಕೆಳಗೆ ಸುರಿಯುವ ಷವರ್ ಅಲ್ಲಮ್ಮ, ಮುಂದಕ್ಕೆ ಹಿಡಿದ ಟಾರ್ಚಿನ ಹಾಗೆ, ನಿನ್ನ ತಲೆಯ ಮೇಲಿಂದ ನೇರವಾಗಿ ಬಿಟಿಎಂ ಕಡೆ ಹೋಗುತ್ತದೆ ಎಂದು ವಿವರಿಸಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ಕೇಳುವಷ್ಟು ಹೊತ್ತೂ ಹೊಟ್ಟೆಯ ಮೇಲೆ ಫೋನ್ ಇಟ್ಟುಕೊಂಡಿದ್ದಳು. ಹೆದರಿಕೊಂಡವರಿಗೆ ಪಾಠ ಹೇಳಿ ಪ್ರಯೋಜನವಿಲ್ಲ ಎಂದು ಇಳಿದು ಬಂದೆ. ಆದರೆ ಚಿಕ್ಕಪ್ಪನಿಗೆ ಹೆದರಿಕೆಯ ನೆಪವೂ ಇರಲಿಲ್ಲ. ಆ ಐದು ಕಡ್ಡಿ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಮನೆಗೆ ಬಂದರು. ಬೋಳು ಕಂಬ ನೋಡಿದರು. ಆಂಟೆನಾ ತಿರುಗಿಸಲು ಕಂಬಕ್ಕೊಂದು ಮೋಟಾರಿತ್ತು, ಅದರ ಗುಂಡಿ ಅಪ್ಪನ ಕೋಣೆಯ ಮೇಜಿನ ಮೇಲಿತ್ತು. ಸಂಜೆಯಾದರೆ ಅಪ್ಪ ಹಾಸಿಗೆಯಲ್ಲಿ ಕೂತು ಆ ಗುಂಡಿಯನ್ನು ಬಿಟಿಎಂ ಕಡೆಗೆ ತಿರುಗಿಸುತ್ತಿದ್ದರು. ಮೇಲೆ ಮೋಟಾರು ಗೊರ್ರೆಂದು ಸದ್ದು ಮಾಡುತ್ತಿತ್ತು. ಏನೂ ಇಲ್ಲದ ಪೈಪು ಮೆಲ್ಲನೆ ತಿರುಗಿ ಆ ಕಡೆ ನಿಲ್ಲುತ್ತಿತ್ತು. ಇದನ್ನು ನಾನು ದಿನಾ ನೋಡಿದ್ದೇನೆ. ಇದರಲ್ಲಿ ನೆನಪಿನ ತಪ್ಪು ಏನೂ ಇಲ್ಲ. ಬೇರೆ ಆಂಟೆನಾ ತರೋಣ ಅಪ್ಪ ಎಂದರೆ "ಆಯ್ತು, ಆಮೇಲೆ" ಅನ್ನುತ್ತಿದ್ದರು. ಆ ಆಮೇಲೆ ಬರಲಿಲ್ಲ.

ಅಪ್ಪನನ್ನು ತಿಪಟೂರಿನ ಕಡೆ, ನಮ್ಮೂರಿನ ಹೊಲದಲ್ಲಿ ಮಣ್ಣು ಮಾಡಿದೆವು. ಅವರ ಕೀಯನ್ನೂ ಅವರ ಜೊತೆ ಇಡಬೇಕೆಂದು ನಾನು ಹಟ ಹಿಡಿದೆ. ಅಯ್ಯನವರು ಮುಖ ಸಿಂಡರಿಸಿದರು. "ಅಂಗೈಯಲ್ಲಿ ಲಿಂಗ ಇರೋವಾಗ ಈ ಹಿತ್ತಾಳೆ ಯಾಕ್ರೀ?" ಅಂದರು. ನಾನು ಬಿಡಲಿಲ್ಲ. ನಮ್ಮಲ್ಲಿ ಹೆಂಗಸರು ಗುಂಡಿಗೆ ಇಳಿಯುವುದಿಲ್ಲ. ಚಿಕ್ಕಪ್ಪ ಇಳಿದಿದ್ದರು. ಬಿಳಿ ಕರವಸ್ತ್ರದಲ್ಲಿ ಸುತ್ತಿದ ಕೀಯನ್ನು ಅವರ ಕೈಗೆ ಕೊಟ್ಟು, "ಮಡಿಲಲ್ಲಿ ಇಡಿ" ಎಂದೆ. ಅವರು ಬಗ್ಗಿದ್ದನ್ನು ನೋಡಿದೆ. ಅಷ್ಟರಲ್ಲಿ ಮೇಲಿಂದ ವಿಭೂತಿ, ಬಿಲ್ವಪತ್ರೆ ಸುರಿಯತೊಡಗಿದರು, ಜನ ಒತ್ತಿಕೊಂಡು ಬಂದರು. ಅವರ ಕೈ ಬರಿದಾಗಿ ಮೇಲೆ ಬಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದೇನೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ಅಪ್ಪನ ರೇಡಿಯೋ ಸೆಟ್ಟನ್ನು, ಅವರು ಅಭ್ಯಾಸಕ್ಕೆ ಬಳಸುತ್ತಿದ್ದ ಪೀಪಿ ಪೆಟ್ಟಿಗೆಯನ್ನು ಪರವಾನಗಿಯಿದ್ದ ಶಿವಪ್ರಕಾಶ್ ಅಂಕಲ್ ತೆಗೆದುಕೊಂಡು ಹೋದರು. ಬದಲಿಗೆ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಸೆಟ್ ಕೊಟ್ಟು, "ಕೇಳೋಕೆ ಮಾತ್ರ ಇಟ್ಕೋಮ್ಮ, ಗುಂಡಿ ಒತ್ತಬೇಡ. ಮಾತಾಡೋ ಲೈಸೆನ್ಸ್ ನಿನಗಿಲ್ಲ" ಅಂದರು.

ಕೆಲವು ತಿಂಗಳು ಕಳೆದಿರಬೇಕು. ಒಂದು ಸಂಜೆ ಕಾಲೇಜಿನಿಂದ ಬಂದವಳು ನೀರಿನ ಟ್ಯಾಂಕ್ ನೋಡಲು ತಾರಸಿಗೆ ಹೋದೆ. ಬೋಳು ಕಂಬ ಕಂಡು ಎಂದಿನಂತೆ ಸಿಟ್ಟು ನೆತ್ತಿಗೇರಿತು. ಕೆಳಗೆ ಬಂದು ಟೇಪಿನ ಆಂಟೆನಾವನ್ನೂ ಆ ಪುಟ್ಟ ಸೆಟ್ಟನ್ನೂ ಹೊತ್ತು ಮತ್ತೆ ಮೇಲೆ ಹೋದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಕಂಬದ ಪಕ್ಕ ಒಂದು ಆಂಟೆನಾ ಇರಲಿ ಎಂಬ ಹಟ ಇರಬಹುದು. ಅಪ್ಪ, ಅಂಕಲ್ ಬಳಸುತ್ತಿದ್ದ ಫ್ರೀಕ್ವೆನ್ಸಿಗೆ ಸೆಟ್ಟನ್ನು ಹೊಂದಿಸಿದೆ. ಬರೀ ಸರಸರ. ಆಂಟೆನಾ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿದೆ. ಬನಶಂಕರಿ ಬಸ್ ನಿಲ್ದಾಣವನ್ನು ದಾಟಿ ಕನಕಪುರ ರಸ್ತೆಯ ಕಡೆಗೆ ಅದರ ಮೂತಿ ಬಂದಾಗ ಪೀಪಿ ಕೇಳಿಸಿತು.

ಕಾಫಿ ಆಯ್ತಾ. ಕೊನೆಯ ಗೆರೆ ತುಸು ಉದ್ದ. ಅದಾದ ಮೇಲೆ ಟಿಕ್.

ನನಗೆ ಮೋರ್ಸ್ ಅಷ್ಟೇನೂ ಬರುವುದಿಲ್ಲ. ಆದರೆ ಈ ಒಂದು ವಾಕ್ಯವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಸದ್ದು ನಿಂತಿತು. ಉತ್ತರಕ್ಕೆ ಕಾಯುವಷ್ಟು ಹೊತ್ತು ಸುಮ್ಮನಿತ್ತು. ಮತ್ತೆ ಕೇಳಿತು. ಮೂತಿಯನ್ನು ಬೇರೆ ಕಡೆ ತಿರುಗಿಸಿದೆ, ಮಾಯವಾಯಿತು. ಮತ್ತೆ ಅದೇ ಕಡೆ ತಂದೆ, ಬಂತು. ಕೆಲವೇ ಸಲ ಹೀಗಾಗಿ ನಿಂತುಹೋಯಿತು. ಮೈ ಜುಮ್ಮೆಂದಿತು ಎಂದು ಬರೆಯಬೇಕಾದ ಜಾಗ ಇದು. ನಿಜ ಹೇಳಬೇಕೆಂದರೆ ನನಗೆ ಬಂದದ್ದು ಸಿಟ್ಟು. ಯಾರೋ ಅಪ್ಪನ ಕೈಯನ್ನು ಅಣಕಿಸುತ್ತಿದ್ದಾರೆ ಎಂದು.

ಶಿವಪ್ರಕಾಶ್ ಅಂಕಲ್‌ಗೆ ಫೋನ್ ಮಾಡಿದೆ. "ನನಗೇನೂ ಕೇಳಿಸ್ಲಿಲ್ವಲ್ಲಮ್ಮ. ನನ್ನ ಆಂಟೆನಾ ಇನ್ನೂ ನಿಮ್ಮನೆ ಕಡೇನೇ ಇದೆ," ಅಂದರು. ಆಮೇಲೆ, "ಒಂದೇ ಕಡೆ ಹಿಡಿದು ಕಳಿಸಿದ್ರೆ ಪಕ್ಕದೋರಿಗೆ ಕೇಳಲ್ಲ. ಎರಡನೇ ಜಾಗದಿಂದ ನೋಡು" ಅಂದರು.

ಮಾರನೆಯ ದಿನ ಸಂಜೆ ಕಾಲೇಜಿನ ತಾರಸಿಗೆ ಹೋದೆ. ಮಳೆಯಿತ್ತೆಂದು ನಾನು ಅಂದುಕೊಂಡಿರುವ ಸಂಜೆ ಇದೇ. ಅದೇ ಹೊತ್ತಿಗೆ, ಅಂದರೆ ಜನ ಕಾಫಿ ಕುಡಿದು ಮುಗಿಸುವ ಹೊತ್ತಿಗೆ, ಮತ್ತೆ ಬಂತು. ಜಯನಗರದಲ್ಲಿ ತೀರಾ ಕ್ಷೀಣ, ಸೆಟ್ಟನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ದಿಕ್ಕು ಸರಿಸುಮಾರು ದಕ್ಷಿಣ. ಮನೆಗೆ ಬಂದು ನಕ್ಷೆಯ ಮೇಲೆ ಎರಡು ಗೆರೆ ಎಳೆದೆ. ಕೂಡಿದ್ದು ಜರಗನಹಳ್ಳಿಯಲ್ಲಿ.

ಆ ಊರಿನಲ್ಲಿ ನನಗೆ ಗೊತ್ತಿರುವ ಮನೆ ಒಂದೇ. ಆ ರಾತ್ರಿಯ ಡೈರಿಯಲ್ಲಿ ನಾನು ಬಳಸಿರುವ ಮಾತುಗಳನ್ನು ಇಲ್ಲಿ ಬರೆಯಲಾರೆ. ಆಂಟೆನಾ ಕಿತ್ತದ್ದು ಸಾಲದೆ ಈಗ ಅಣಕ ಬೇರೆ. ಮರುದಿನ ಕಾಲೇಜು ಮುಗಿಸಿ ನೇರವಾಗಿ ಜಗಳಕ್ಕೇ ಹೊರಟೆ.

ಬಸ್ಸಿಳಿದು ಕನಕಪುರ ರಸ್ತೆಯಿಂದ ಒಳಗಿನ ಗಲ್ಲಿಗಳಿಗೆ ಆಂಟೆನಾ ಹಿಡಿದುಕೊಂಡೇ ನಡೆದೆ. ಮನೆ ಗೊತ್ತಿದ್ದರೂ ಅಪ್ಪ ಹೇಳಿಕೊಟ್ಟ ಹಾಗೆ ದಿಕ್ಕು ಹಿಡಿದೇ ಹೋಗಬೇಕು, ಆಮೇಲೆ ಚಿಕ್ಕಪ್ಪ ತಪ್ಪಿಸಿಕೊಳ್ಳಬಾರದು ಎಂಬ ಛಲ. ಟೀ ಅಂಗಡಿಯ ಮುಂದೆ ಕೂತಿದ್ದ ಒಬ್ಬ ಹೆಂಗಸು ಕೂಗಿದಳು:

"ಏನ್ ಮೇಡಂ, ಟವರ್ ಚೆಕ್ಕಾ? ನಮ್ಮನೆ ಒಳಗೆ ಫೋನೇ ಬರಲ್ಲ. ಸ್ವಲ್ಪ ಈ ಕಡೆನೂ ತಿರುಗ್ಸಿ!"

"ನಾನು ಟವರ್ ಕಂಪನಿಯವಳಲ್ಲ."

"ಎಲ್ರೂ ಹಂಗೇ ಹೇಳಿ ಹೋಗ್ತಾರೆ ಬಿಡಿ."

ಅಷ್ಟರಲ್ಲಿ ಸದ್ದು ಶುರುವಾಯಿತು. ಎಷ್ಟು ಜೋರೆಂದರೆ ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದೇ ಸಮ. ಹತ್ತಿರ ಬಂದಾಗ ಹೀಗಾಗುತ್ತದೆ. ಅದಕ್ಕೂ ಅಪ್ಪ ಉಪಾಯ ಹೇಳಿಕೊಟ್ಟಿದ್ದರು. ಆಂಟೆನಾ ಕಳಚಿ, ಸೆಟ್ಟನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ತಿರುಗಬೇಕು. ನಮ್ಮ ಮೈಯೇ ಅಡ್ಡವಾಗುತ್ತದೆ. ಯಾವಾಗ ಸದ್ದು ಕುಗ್ಗುತ್ತದೋ ಆಗ ಹುಡುಕುತ್ತಿರುವುದು ನಮ್ಮ ಬೆನ್ನ ಹಿಂದೆ ಇರುತ್ತದೆ. ಟೀ ಅಂಗಡಿಯ ಹೆಂಗಸು ನೋಡುತ್ತಿದ್ದಂತೆಯೇ ಬೀದಿಯ ನಡುವೆ ಬುಗುರಿಯ ಹಾಗೆ ತಿರುಗಿದೆ. ಸದ್ದು ಕುಗ್ಗಿತು. ಹಿಂದೆ ನೋಡಿದೆ. ಚಿಕ್ಕಪ್ಪನ ಕಟ್ಟಡ.

ಬಾಗಿಲು ತೆಗೆದದ್ದು ಚಿಕ್ಕಮ್ಮ. "ಬಾಮ್ಮ! ಏನಿದು ಕೈಲಿ, ಹಂಚಿಕಡ್ಡಿ ಪೊರಕೆ ಥರ? ಕೂತ್ಕೋ, ಕಾಫಿ..."

"ಚಿಕ್ಕಪ್ಪ ಎಲ್ಲಿ?"

"ಹಾಲು ತರಕ್ಕೆ ಹೋದ್ರು. ಏನಾಯ್ತೇ?"

ನನ್ನ ಕೈಯಲ್ಲಿ ಸೆಟ್ಟು ಕೂಗುತ್ತಲೇ ಇತ್ತು. ಚಿಕ್ಕಮ್ಮ ಅದನ್ನು ನೋಡಿ, "ಏನದು ಪೀಂ ಪೀಂ ಅಂತ?" ಎಂದರು. ಈ ಒಂದು ಪ್ರಶ್ನೆಗಾಗಿಯೇ ಅವರನ್ನು ಅರ್ಧ ಸಾಕ್ಷಿ ಎಂದದ್ದು. ಅವರೂ ಕೇಳಿಸಿಕೊಂಡರು.

"ಮೇಲೆ ಯಾರಿದಾರೆ?"

"ಯಾರೂ ಇಲ್ಲ. ಕೋತಿ ಕಾಟ ಅಂತ ಬೀಗ ಹಾಕಿದೀನಿ." ಸೊಂಟದ ಬೀಗದಕೈ ತೋರಿಸಿದರು. ನಾನು ಕಾಯದೆ ಮೆಟ್ಟಿಲು ಹತ್ತಿದೆ. ಅವರು ಏದುಸಿರು ಬಿಡುತ್ತ ಹಿಂದೆಯೇ ಬಂದು ಬೀಗ ತೆಗೆದರು.

ತಾರಸಿಯಲ್ಲಿ ಯಾರೂ ಇರಲಿಲ್ಲ. ನೀರಿನ ಟ್ಯಾಂಕಿನ ಪಕ್ಕ, ಎರಡು ಹಳೆಯ ಪೈಪುಗಳ ಮೇಲೆ ಅಡ್ಡಲಾಗಿ ಕಟ್ಟಿದ್ದ ನಮ್ಮ ಆಂಟೆನಾ ಇತ್ತು. ಅದರ ಐದೂ ಕಡ್ಡಿಗಳ ಮೇಲೆ ಬಟ್ಟೆ. ಚಿಕ್ಕಮ್ಮನ ಲಂಗ, ಟವೆಲ್ಲು, ಚಿಕ್ಕಪ್ಪನ ಬನಿಯನ್ನು. ಗಿಡ್ಡ ಕಡ್ಡಿಗಳ ತುದಿ, ಅಂದರೆ ಆಂಟೆನಾದ ಮೂತಿ, ಕತ್ರಿಗುಪ್ಪೆಯ ಕಡೆಗಿತ್ತು. ತಂತಿ ಸೇರಬೇಕಾದ ಕಡ್ಡಿಯಿಂದ ಕತ್ತರಿಸಿದ ಕೇಬಲ್ಲಿನ ಗೇಣುದ್ದದ ತುಂಡು ಜೋತಾಡುತ್ತಿತ್ತು. ಅದಕ್ಕೆ ಏನೂ ಸೇರಿರಲಿಲ್ಲ. ಸೆಟ್ಟು ಮಾತ್ರ ಕಾಫಿ ಆಯ್ತಾ, ಕಾಫಿ ಆಯ್ತಾ ಎಂದು ಕೇಳುತ್ತಿತ್ತು. ಹತ್ತಿರ ಹೋಗಿ ಒಂದು ಬನಿಯನ್ನನ್ನು ಕಿತ್ತೆ. ನನ್ನ ಕೈ ಕಡ್ಡಿಗೆ ತಾಗಿತು. ಸದ್ದು ನಿಂತಿತು. ಗೆರೆಯ ಮಧ್ಯದಲ್ಲೇ ನಿಂತಿತು. ಮತ್ತೆ ಬರಲಿಲ್ಲ.

ಎಷ್ಟು ಹೊತ್ತಿಗೆ ಚಿಕ್ಕಪ್ಪ ಬಂದರೋ ನೆನಪಿಲ್ಲ. ಬೇಗ ಬಂದರು ಎಂದೇ ಅನಿಸುತ್ತದೆ. ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಇತ್ತು, ಅದಂತೂ ಖಂಡಿತ.

"ಸ್ಕ್ರ್ಯಾಪ್‌ಗೆ ಹಾಕಿದೆ ಅಂದಿದ್ರಿ!"

"ಹಾಕಕ್ಕೆ ಮನಸ್ಸು ಬರ್ಲಿಲ್ಲ."

"ಲಂಗ ಒಣಗಿಸಕ್ಕೆ ಮನಸ್ಸು ಬಂತಾ?"

"ಅದು ನಿನ್ ಚಿಕ್ಕಮ್ಮನ ಕೆಲ್ಸ."

"ನನ್ ಮೇಲೆ ಯಾಕ್ ಹಾಕ್ತೀರಾ?" ಎಂದು ಚಿಕ್ಕಮ್ಮ ರೇಗಿದರು. "ಒಳ್ಳೇ ಅಲ್ಯೂಮಿನಿಯಂ, ತುಕ್ಕು ಹಿಡಿಯಲ್ಲ ಅಂದೋರು ನೀವೇ ತಾನೇ? ಇದನ್ನ ಕಟ್ಟಿದ್ದೂ ನೀವೇ, ಆ ಕಡೆ ತಿರುಗಿಸಿದ್ದೂ ನೀವೇ. ನೆರಳಾಗತ್ತೆ ಅಂತ ನಾನು ಈ ಕಡೆ ತಿರುಗಿಸಿದ್ರೆ ಮತ್ತೆ ಹಂಗೇ ಮಾಡ್ತೀರಾ!"

ನಾನು ಕೂಗಾಡಿದೆ. ಅಪ್ಪ ಬೋಳು ಪೈಪು ತಿರುಗಿಸುತ್ತ ಕೂತಿದ್ದಾಗ ಇದು ಇಲ್ಲಿತ್ತಾ, ಒಂದು ಆಟೋದಲ್ಲಿ ತಂದು ಹಾಕಲು ನಿಮಗೇನಾಗಿತ್ತು ಎಂದು ಕೇಳಿದೆ. "ತರೋಣ ಅಂತಿದ್ದೆ. ಅಷ್ಟರಲ್ಲಿ ಅವನು ಹೋದ," ಎಂದರು. ಈ ಮಾತು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ನಿಜವಾದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

"ಪೀಪಿ ಮಾಡ್ತಿದ್ದದ್ದು ನೀವಾ? ಸೆಟ್ ಎಲ್ಲಿಟ್ಟಿದೀರ?"

"ಯಾವ ಸೆಟ್ಟು? ನನಗೆಲ್ಲಿ ಬರತ್ತೆ ಅದೆಲ್ಲ!"

"ಮನೆ ಹುಡುಕ್ತೀನಿ."

"ಹುಡುಕಮ್ಮ, ಹುಡುಕು," ಎಂದರು ಚಿಕ್ಕಮ್ಮ. "ಅಕ್ಕಿ ಡಬ್ಬ ಬಿಡಬೇಡ."

ನಾನು ನಿಜಕ್ಕೂ ಹುಡುಕಿದೆ. ಅಕ್ಕಿ ಡಬ್ಬವನ್ನೂ ಬಿಡಲಿಲ್ಲ. ಬೀರು ತೆಗೆಸಿ ನೋಡಿದೆ, ಮಂಚದ ಕೆಳಗೆ ನೋಡಿದೆ. ರೇಡಿಯೋ ಎಂದು ಕರೆಯಬಹುದಾದ ಒಂದು ವಸ್ತುವೂ ಸಿಗಲಿಲ್ಲ. ಚಿಕ್ಕಪ್ಪನ ಜೇಬನ್ನು ಮಾತ್ರ ನೋಡಲಿಲ್ಲ. ಅಷ್ಟು ಸಿಟ್ಟಿನಲ್ಲೂ ಅದೊಂದು ಕೈಲಾಗಲಿಲ್ಲ.

ಇದನ್ನು ಯಾರಿಗೆ ಹೇಳಿದರೂ ಒಂದೊಂದು ವಿವರಣೆ ಕೊಡುತ್ತಾರೆ. ತಂತಿ ಇಲ್ಲದ ಕಡ್ಡಿಯೂ ಗಾಳಿಯಲ್ಲಿ ಬಂದದ್ದನ್ನು ಹಿಡಿದು ಮರಳಿ ಬಿಡುತ್ತದೆ, ಆಂಟೆನಾ ಕೆಲಸ ಮಾಡುವುದೇ ಹಾಗೆ, ಬೇರೆ ಯಾರೋ ಕಳಿಸಿದ್ದು ಅದಕ್ಕೆ ತಾಗಿ ನಿನ್ನ ಕಡೆ ಬಂದಿರಬಹುದು ಎಂದರು ಶಿವಪ್ರಕಾಶ್ ಅಂಕಲ್. ಆ ಬೇರೆ ಯಾರೋ ಅಪ್ಪನ ಹಾಗೆ ಗೆರೆ ಎಳೆಯುವುದು ಹೇಗೆ, ಆ ಟಿಕ್ ಎಲ್ಲಿಂದ ಬಂತು ಎಂದರೆ ಅವರು ಕನ್ನಡಕ ಒರೆಸುತ್ತಾರೆ. ದುಃಖದಲ್ಲಿ ಕಿವಿ ಹಾಗೆ ಕೇಳುತ್ತದೆ ಎಂದಳು ನನ್ನ ಸಹೋದ್ಯೋಗಿ. ಹಾಗಾದರೆ ಚಿಕ್ಕಮ್ಮನಿಗೆ ಯಾವ ದುಃಖ? ಚಿಕ್ಕಪ್ಪನೇ ಎಲ್ಲೋ ಅಡಗಿ ಮಾಡಿದರು ಎಂದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಹಾಲಿನಂಗಡಿಯಿಂದಲೂ ಮಾಡಬಹುದು, ಒಂದು ಪುಟ್ಟ ಸೆಟ್ಟು, ಒಂದು ಪೀಪಿ ಪೆಟ್ಟಿಗೆ ಇದ್ದರೆ. ಆದರೆ ನಾನು ಕಡ್ಡಿ ಮುಟ್ಟಿದ ಕ್ಷಣ ಹಾಲಿನಂಗಡಿಯಲ್ಲಿ ಇರುವವರಿಗೆ ಹೇಗೆ ಗೊತ್ತಾಗಬೇಕು? ಅಣ್ಣನ ಆಂಟೆನಾ ಕಿತ್ತು ಹಾಕಿದ ಮನುಷ್ಯ ಅಣ್ಣನ ಕೈಯನ್ನು ಅಷ್ಟು ಸರಿಯಾಗಿ ನೆನಪಿಟ್ಟುಕೊಂಡಿರುತ್ತಾನೆಯೇ? ಇದ್ದರೆ, ಯಾರನ್ನು ಕರೆಯುತ್ತಿದ್ದ? ಅವರ ಪರವಾಗಿ ಹೀಗೆಲ್ಲ ಯೋಚಿಸಬೇಕಾಗಿ ಬಂದದ್ದಕ್ಕೂ ನನಗೆ ಸಿಟ್ಟಿದೆ.

ಆಂಟೆನಾವನ್ನು ಮರಳಿ ಕತ್ರಿಗುಪ್ಪೆಗೆ ತಂದೆ. ಮೇಲಿನ ಮನೆಯ ಹುಡುಗಿ ಅಷ್ಟು ಹೊತ್ತಿಗೆ ಮಗುವನ್ನು ಕರೆದುಕೊಂಡು ಬೇರೆ ಮನೆಗೆ ಹೋಗಿದ್ದಳು, ಎದುರು ಕಟ್ಟಡದ ಮೇಲೆ ಮೊಬೈಲ್ ಟವರ್ ಇರುವ ಬೀದಿಗೆ. ಕಂಬ ಹತ್ತಿ ಕಟ್ಟಲು ನನಗೆ ಬರುವುದಿಲ್ಲ, ಅಂಕಲ್‌ಗೆ ಮಂಡಿನೋವು. ಬೇರೆ ದಾರಿಯಿಲ್ಲದೆ ಚಿಕ್ಕಪ್ಪನಿಗೆ ಹೇಳಿ ಕಳಿಸಿದೆ. ಕಿತ್ತವರೇ ಕಟ್ಟಲಿ ಎಂದು. ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಸ್ಪಾನರುಗಳ ಚೀಲ ಹಿಡಿದು ಬಂದರು.

ನಾನು ಏಣಿ ಹಿಡಿದು ಕೆಳಗೆ ನಿಂತಿದ್ದೆ. ಯಾವ ಕಡ್ಡಿ ಹಿಂದೆ, ಯಾವುದು ಮುಂದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಎಲ್ಲ ಮರೆತೆ ಎಂದವರ ಕೈ ಉದ್ದದ ಕಡ್ಡಿಯನ್ನು ಹುಡುಕದೆ ತೆಗೆದುಕೊಂಡಿತು. ಆಗಲೇ ನನಗೆ ಆ ಗುಂಡಿ, ಬಿಳಿ ಕರವಸ್ತ್ರ, ಸುರಿದ ವಿಭೂತಿ ನೆನಪಾದದ್ದು. ನಾನು ನೋಡದೆ ಇದ್ದದ್ದು ಏನು ಎಂಬುದೂ ಆಗಲೇ ಹೊಳೆದದ್ದು. ತಲೆಯೆತ್ತಿ ಕೇಳಿದೆ.

ಅವರ ಕೈ ನಿಂತಿತು. ಆಮೇಲೆ, "ಆ ಸಣ್ಣ ಸ್ಪಾನರ್ ಕೊಡು," ಎಂದರು. ಕೊಟ್ಟೆ. ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ ಇಳಿದು ಬಂದರು, ನಲ್ಲಿಯಲ್ಲಿ ಕೈ ತೊಳೆದರು, ನನ್ನ ಮುಖ ನೋಡದೆ "ಕಾಫಿ ಆಯ್ತಾ?" ಎಂದರು. ಈ ಊರಿನಲ್ಲಿ ಯಾರು ಯಾರಿಗೆ ಬೇಕಾದರೂ ಕೇಳುವ ಮಾತು ಅದು. ಆ ಸಂಜೆ ಪುಟ್ಟ ಸೆಟ್ಟಿಗೆ ತಂತಿ ಸೇರಿಸಿ, ಆಂಟೆನಾವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಕೂತೆ. ಜರಗನಹಳ್ಳಿಯ ಕಡೆಯಿಂದ ಏನೂ ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ.

ಅದಾದ ಮೇಲೂ ಬಿಟ್ಟಿಲ್ಲ. ಹಬ್ಬಕ್ಕೆ ಬಂದಾಗ ಕೇಳಿದ್ದೇನೆ, ಫೋನಿನಲ್ಲಿ ಕೇಳಿದ್ದೇನೆ, ಚಿಕ್ಕಮ್ಮನ ಎದುರಿಗೂ ಕೇಳಿದ್ದೇನೆ. ಮೊನ್ನೆ ಮತ್ತೊಮ್ಮೆ ಕೇಳಿದೆ, ಅದೇ ಮಾತುಗಳಲ್ಲಿ, ಏಣಿಯ ಕೆಳಗೆ ನಿಂತು ಕೇಳಿದ ಹಾಗೆಯೇ:

"ಚಿಕ್ಕಪ್ಪ, ಅವತ್ತು ಆ ಕೀನ ಅಪ್ಪನ ಮಡಿಲಲ್ಲಿ ಇಟ್ರಾ, ಇಲ್ವಾ?"